ಮೊದಲು ನೀರು-ಬೆಲ್ಲ

ಮೊನ್ನೆ ಪಕ್ಕದ ಮನೆಯ ಸೊಸೆ, ಕಪಾಟು ಗುಡಿಸುವಾಗ ಸಿಕ್ಕಿತೆಂದು ನನ್ನನ್ನು ಕರೆದು ಒಂದು ಪುಟ್ಟ ಡಬ್ಬಿ ಕೊಟ್ಟಳು. ಮುಚ್ಚಳ ತಿರುಗಿಸಿದರೆ ಒಳಗೆ ಒಣಗಿ ಬಿರಿದ ಸುಣ್ಣ. ಬಿಳಿಯದಲ್ಲ, ಗುಲಾಬಿ ಬಣ್ಣದ್ದು. ಇನ್ನೂ ಚೂರು ವಾಸನೆ ಉಳಿದಿತ್ತು... ಮುಂಡಾಜೆ ಅಕ್ಕನ ಸೆರಗಿನ ವಾಸನೆ.

ಅವರು ಈ ಸೊಸೆಯ ಅತ್ತೆ. ಮುಂಡಾಜೆಯಿಂದ ಬಂಟ್ವಾಳಕ್ಕೆ ಮದುವೆಯಾಗಿ ಬಂದದ್ದರಿಂದ ಕೇರಿಗೆಲ್ಲ ಮುಂಡಾಜೆ ಅಕ್ಕ. ಬಾಯಲ್ಲಿ ಎಲೆಯಡಿಕೆ ಇಲ್ಲದೆ ನಾನು ಅವರನ್ನು ಕಂಡದ್ದಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು-ಬೆಲ್ಲ, ಬಂದ ಕಾರಣ ಕೇಳುವುದು ಆಮೇಲೆ. ಇದು ಅವರ ಕಾನೂನು. ಕರೆಂಟಿನ ಮೀಟರ್ ಓದಲು ಬಂದವನೂ ಬೆಲ್ಲ ಕಚ್ಚಿಯೇ ಹೋಗಬೇಕು. ನಾನೊಬ್ಬಳು ಮಾತ್ರ ಹಿಂಬಾಗಿಲಿನಿಂದ ನುಗ್ಗಿ, ಮುಚ್ಚಿಟ್ಟ ಪಾತ್ರೆಗಳನ್ನೆಲ್ಲ ತೆರೆದು ನೋಡುವವಳು. ನನಗೆ ನೀರು ಬೇಕೋ ಎಂದು ಅವರು ಒಂದು ದಿನವೂ ಕೇಳಿದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯಿಂದ ಹೊರಟ ಟೂರಿನ ಗುಂಪಿಗೆ ಸೇರಿಕೊಂಡು ನಾವಿಬ್ಬರೂ ಬ್ಯಾಂಕಾಕಿಗೆ ಹೋದೆವು. ನದಿ, ಶಾಪಿಂಗ್ ಮಾಲು, ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು, ಎಲ್ಲ ನೋಡಿದ್ದಾಯಿತು. ಅಕ್ಕನ ಮುಖ ಮಾತ್ರ ಸಪ್ಪಗೆ.

"ಎಂತ ಅಕ್ಕ, ಚಂದ ಇಲ್ವಾ?" ಎಂದು ಕೇಳಿದೆ.

"ಚಂದ ಉಂಟು ಮಾರಾಯ್ತಿ. ಆದ್ರೆ ಒಂದು ಮನೆಯೊಳಗೆ ಕೂತು ನೀರು ಕುಡಿಯದೆ ಊರಿಗೆ ಹೋಗಿ ಎಂತ ಹೇಳುವುದು? ಹೋಟ್ಲಿನ ಲಿಫ್ಟ್ ನೋಡಿ ಬಂದೆ ಅಂತವಾ?"

ಮರುದಿನ ಹಳ್ಳಿಯ ಕಡೆಗೆ ಪ್ರವಾಸವಿತ್ತು, ಬೆಳಿಗ್ಗೆ ಹೋಗಿ ಸಂಜೆ ಮರಳುವುದು. ಹಳ್ಳಿಮನೆಯೊಂದಕ್ಕೆ ಭೇಟಿಯೂ ಉಂಟೆಂದು ಗೈಡ್ ಹುಡುಗಿ ಹೇಳಿದ್ದೇ ತಡ, ಅಕ್ಕನಿಗೆ ಜೀವ ಬಂತು. ಬೆಳಿಗ್ಗೆ ನೋಡಿದರೆ ಮದುವೆಮನೆಗೆ ಉಡುವ ರೇಷ್ಮೆ ಸೀರೆ, ಕೈಯಲ್ಲೊಂದು ಪೊಟ್ಟಣ. ತಮ್ಮ ಬಾಯಿಗೆಂದು ಊರಿನಿಂದ ತಂದಿದ್ದ ಅಡಿಕೆಯೆಲ್ಲ ಅದರಲ್ಲಿತ್ತು.

"ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದಾ?" ಎಂದರು.

ಬಸ್ಸಿನ ಉಳಿದವರೆಲ್ಲ ಚಡ್ಡಿ, ಟೋಪಿಯಲ್ಲಿದ್ದರು. ಕಿಟಕಿಯಾಚೆ ಕಾಲುವೆ, ಬಾಳೆ, ಗದ್ದೆ. "ವಿಮಾನ ಹತ್ತಿ ಬೆಳ್ತಂಗಡಿಗೇ ಬಂದ ಹಾಗಾಯ್ತಲ್ಲ" ಎಂದು ಅಕ್ಕ ಖುಷಿಪಟ್ಟರು.

ತಲುಪಿ ನೋಡಿದರೆ ಅದು ಮನೆಯೇ ಅಲ್ಲ. ಮುಂದೆ ಟಿಕೇಟಿನ ಗೂಡು, ಒಳಗೆ ತೆಂಗಿನ ಬೆಲ್ಲ ಕಾಯಿಸಿ ತೋರಿಸುವವರು, ಬದಿಗೆ ಅದನ್ನು ಮಾರುವ ಅಂಗಡಿ. ಅಕ್ಕ ನೆಟ್ಟಗೆ ಹೋಗಿ ಬೆಲ್ಲ ಕಾಯಿಸುವವಳ ಕೈಗೆ ಪೊಟ್ಟಣವಿಟ್ಟು ಕೈಮುಗಿದರು. ಅವಳು ಗಲಿಬಿಲಿಯಾಗಿ ಗೈಡನ್ನು ಕರೆದಳು. ಗೈಡ್ ಪೊಟ್ಟಣ ಬಿಚ್ಚಿ ನೋಡಿ, ಬಹಳ ಮರ್ಯಾದೆಯಿಂದ, ಇಲ್ಲಿ ಹೊರಗಿನವರು ವ್ಯಾಪಾರ ಮಾಡುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಬಸ್ಸಿನವರು ಹೊಟ್ಟೆ ಹಿಡಿದು ನಕ್ಕರು. ಅಕ್ಕ ಪೊಟ್ಟಣವನ್ನು ಮತ್ತೆ ಕಟ್ಟಿದರು, ನಿಧಾನಕ್ಕೆ.

ಹೊರಡುವ ಹೊತ್ತಿಗೆ ಅಕ್ಕ ಇಲ್ಲ. ಬಾವುಟ ಹಿಡಿದ ಗೈಡ್ ಒಂದು ಕಡೆ, ನಾನೊಂದು ಕಡೆ ಹುಡುಕಿದೆವು. ಅಂಗಡಿಯ ಹಿಂದೆ, ಬಟ್ಟೆ ಒಣಗಲು ಹಾಕಿದ ನಿಜವಾದ ಮನೆಯೊಂದಿತ್ತು. ಅದರ ಅಡುಗೆಮನೆಯ ಚಾಪೆಯಲ್ಲಿ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಆ ಮನೆಯ ಅಜ್ಜಿ, ಎಲೆಯಡಿಕೆ ಜಗಿದು ಹಲ್ಲು ಕಪ್ಪಾದವಳು. ನಡುವೆ ಬಿಚ್ಚಿದ ಪೊಟ್ಟಣ. ಇಬ್ಬರ ಕೆನ್ನೆಯೂ ಉಬ್ಬಿತ್ತು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಮಾತಾಡಲು ಬಾಯಿ ಖಾಲಿ ಇರಲಿಲ್ಲ.

ಅಕ್ಕ ಎದ್ದು ಹೊರಗೆ ಉಗುಳಿ ಬಂದರು. "ಉಗುಳುವ ಅಂತ ಹಿತ್ತಿಲಿಗೆ ಬಂದೆ. ಇವಳೂ ಅದಕ್ಕೇ ಬಂದಿದ್ದಾಳೆ ಮಾರಾಯ್ತಿ. ಕೈ ಹಿಡಿದು ಕರ್ಕೊಂಡು ಬಂದಳು. ಮೊದಲು ಎಂತ ಕೊಟ್ಟಳು ನೋಡು."

ಚಾಪೆಯ ಬದಿಯಲ್ಲಿ ಒಂದು ಲೋಟ ನೀರು, ತಟ್ಟೆಯಲ್ಲಿ ತೆಂಗಿನ ಬೆಲ್ಲದ ತುಂಡು.

ಅಷ್ಟರಲ್ಲಿ ಗೈಡ್ ಮುಖ ಗಂಟಿಕ್ಕಿಕೊಂಡು ಬಂದಳು. ಅಜ್ಜಿ ಅವಳ ಕೈಗೂ ಒಂದು ಲೋಟ ಕೊಟ್ಟಳು. ಹುಡುಗಿ ಬಾವುಟವನ್ನು ಗೋಡೆಗೆ ಒರಗಿಸಿ ನಮ್ಮ ಜೊತೆ ಕೂತೇಬಿಟ್ಟಳು. ಬಸ್ಸು ಹಾರನ್ ಹಾಕುತ್ತಲೇ ಇತ್ತು. ಏಳುವಾಗ ಅಜ್ಜಿ ಅಕ್ಕನ ಕೈಗೆ ಈ ಡಬ್ಬಿ ತುರುಕಿದಳು. ಅಲ್ಲಿ ಸುಣ್ಣಕ್ಕೆ ಅರಿಶಿನ ಬೆರೆಸುತ್ತಾರಂತೆ, ಅದಕ್ಕೇ ಆ ಬಣ್ಣ.

ಊರಿಗೆ ಬಂದ ಮೇಲೆ ಅಕ್ಕನ ಬಾಯಲ್ಲಿ ಬ್ಯಾಂಕಾಕಿನ ಸುದ್ದಿಯೇ ಇಲ್ಲ. "ಥಾಯ್ಲೆಂಡಲ್ಲಿ ನಮಗೊಂದು ಮನೆ ಉಂಟು" ಎಂದು ಮೀನು ಮಾರುವವಳಿಗೂ ಹೇಳುತ್ತಿದ್ದರು.

ಅಕ್ಕ ತೀರಿಕೊಂಡ ಮೇಲೆ ಎರಡು ಮಳೆಗಾಲ ಕಳೆಯಿತು. ಮೊನ್ನೆ ಸೊಸೆ ಕರೆದಾಗ ನಾನು ಮುಂಬಾಗಿಲಿನಿಂದಲೇ ಹೋದೆ. ಹಿಂದಿನಿಂದ ಹೋಗಲು ಯಾಕೋ ಕಾಲು ಬರಲಿಲ್ಲ. "ಕೂತ್ಕೊಳ್ಳಿ" ಎಂದು ಅವಳು ಒಳಗೆ ಹೋದಳು. ಡಬ್ಬಿ ತರುವ ಮೊದಲು ಒಂದು ಲೋಟ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಒಳ್ಳೆಯ ಹುಡುಗಿ, ಅತ್ತೆಯ ಕಾನೂನು ಬಿಟ್ಟಿಲ್ಲ.

ಬೆಲ್ಲ ಬಾಯಿಗೆ ಹಾಕಿಕೊಂಡೆ. ಅದು ಕರಗುವಾಗ ಹೊಳೆಯಿತು... ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆ ನೀರು-ಬೆಲ್ಲ ಕೊಟ್ಟದ್ದು ಅದೇ ಮೊದಲು. ಆ ಮನೆಗೆ ನಾನೂ ಈಗ ನೆಂಟರಲ್ಲೊಬ್ಬಳಾಗಿದ್ದೆ.