ತೆರಿಗೆ ಉಳಿಸಲು ಒಂದು ವರ್ಷದ ವಾಸ

ಓಲೆಸುಂಡ್ ಬಂದರಿನ ಮೇಲಿನ ಆ ಎರಡು ಕೋಣೆಯ ಮನೆಯನ್ನು ಗುಡ್ನಿ ಹದಿನಾಲ್ಕು ವರ್ಷ ಬಾಡಿಗೆಗೆ ಕೊಟ್ಟಿದ್ದಳು. ಹಾಗೇ ಮಾರಿದರೆ ಲಾಭದ ಮೇಲೆ ಮೂರು ಲಕ್ಷ ಕ್ರೋನರ್ ತೆರಿಗೆ. ಮಾರುವ ಮೊದಲು ಒಂದು ವರ್ಷ ತಾನೇ ಅಲ್ಲಿ ವಾಸವಿದ್ದರೆ ಚಿಕ್ಕಾಸೂ ಇಲ್ಲ. ನಾರ್ವೆಯಲ್ಲಿ ಇದು ಎಲ್ಲರೂ ಬಲ್ಲ ದಾರಿ, ಕಳ್ಳತನವೇನಲ್ಲ. ನಿಜವಾಗಿ ವಾಸವಿರಬೇಕು, ಅಷ್ಟೆ.

ಆ ದುಡ್ಡಿನಲ್ಲಿ ಅಕ್ಕನ ಮನೆಗೆ ಹೊಸ ಚಾವಣಿ, ಇಬ್ಬರಿಗೂ ನೆಮ್ಮದಿಯ ಮುಪ್ಪು ಎಂದು ಐವತ್ತೆಂಟರ ಗುಡ್ನಿಯ ಲೆಕ್ಕ. ಬಾಡಿಗೆಗಿದ್ದ ಹೊಲಿಗೆ ಟೀಚರ್ ಯೋರುನ್‌ಗೆ ನೋಟೀಸು ಕೊಟ್ಟಳು. ತಾನು ಇಪ್ಪತ್ತು ವರ್ಷ ಅಕ್ಕ ಬೋರ್ಗ್‌ಹಿಲ್ಡ್ ಜೊತೆಗಿದ್ದ, ಕೊಲ್ಲಿಯ ಆಚೆ ದಡದ ಮನೆ ಬಿಟ್ಟು, ದೋಣಿ ಹತ್ತಿ ಬಂದಳು. ಯೋರುನ್‌ಗೆ ಎಲ್ಲೂ ಮನೆ ಸಿಗದಿದ್ದಾಗ ಅಕ್ಕನೇ ಮರುಗಿ ತನ್ನ ಮನೆಯಲ್ಲಿ ಖಾಲಿಯಾಗಿದ್ದ ಗುಡ್ನಿಯ ಕೋಣೆ ಕೊಟ್ಟಳು.

"ಇರ್ಲಿ ಬಿಡು, ನಾನು ಬರೋ ತನಕ ತಾನೇ," ಎಂದಳು ಗುಡ್ನಿ.

ಗುಡ್ನಿ ನಿಯಮದ ವಿಷಯದಲ್ಲಿ ಮಹಾ ಪುಕ್ಕಲಿ. ಯಾರಾದರೂ ಕರೆಂಟ್ ಬಿಲ್ಲು ನೋಡಿ ಅನುಮಾನಪಟ್ಟಾರೆಂದು ಒಂದು ರಾತ್ರಿಯೂ ಅಕ್ಕನ ಮನೆಯಲ್ಲಿ ಮಲಗಲಿಲ್ಲ, ಕ್ರಿಸ್‌ಮಸ್‌ಗೂ ಹೋಗಲಿಲ್ಲ.

"ಎರಡು ದಿನ ಬಂದ್ರೆ ತೆರಿಗೆಯವ್ರು ಬಂದು ನಿನ್ನ ಮಂಚದ ಕೆಳಗೆ ಕೂತಿರ್ತಾರೇನೇ?" ಎಂದು ಅಕ್ಕ ಫೋನಿನಲ್ಲಿ ನಕ್ಕಳು. ಹಿಂದಿನಿಂದ ಯೋರುನ್ ನಕ್ಕಿದ್ದೂ ಕೇಳಿಸಿತು. ಅತಿಯಾದರೆ ಅಮೃತವೂ ವಿಷ ಎಂದು ಗುಡ್ನಿಗೆ ಹೇಳುವವರಾರು?

ಅಲ್ಲಿ ಮನೆಮಂದಿಯೆಲ್ಲ ಕೂತು ಉಣ್ಣುವ ಶನಿವಾರದ ಅಕ್ಕಿ ಗಂಜಿಯನ್ನು ಒಬ್ಬಳೇ ಒಲೆಯ ಪಕ್ಕ ನಿಂತೇ ಕುಡಿಯುತ್ತಿದ್ದಳು. ಕಟ್ಟಡದ ಮೆಟ್ಟಿಲು ತೊಳೆಯುವ ಸರದಿ ಇನ್ನು ಇವಳದೆಂದು ಬಾಗಿಲಿಗೆ ಫಲಕ ತೂಗುಹಾಕಿ ಹೋಗುವ ಎದುರುಮನೆಯಾತ ಮಾತಾಡಿದ್ದು ವರ್ಷದಲ್ಲಿ ಎರಡೇ ಸಲ. ಗುಡ್ನಿಗೆ ಅಕ್ಕ ಬೇಕಿತ್ತು. ದಿನ ಎಣಿಸಿದಳು.

ವರ್ಷ ತುಂಬಿತು, ಮನೆ ಮಾರಾಟವಾಯಿತು. ಗುಡ್ನಿ ಅಕ್ಕನಿಗೆ ಫೋನ್ ಮಾಡಿದಳು.

"ತೆರಿಗೆ ಸೊನ್ನೆ ಕಣಕ್ಕಾ! ಶುಕ್ರವಾರ ಬಂದ್ಬಿಡ್ತೀನಿ. ಯೋರುನ್‌ಗೆ ಹೇಳಿದ್ಯಾ?"

ಅಕ್ಕ ಕೆಮ್ಮಿದಳು. "ಹೇಳೋಕೆ ಬಾಯಿ ಬರ್ತಿಲ್ಲ ಗುಡ್ನಿ. ಒಬ್ಬಳನ್ನೇ ಎರಡೆರಡು ಸಲ ಮನೆ ಬಿಡಿಸೋದು ಹೇಗೆ?"

"ಮತ್ತೆ ನಾನು?"

"ನಿಂಗೇನೇ, ಕೈತುಂಬ ದುಡ್ಡಿದೆ. ಎಲ್ಲಾದ್ರೂ ಒಳ್ಳೇ ಮನೆ ತಗೋ." ಆಮೇಲೆ ಮೆಲ್ಲಗೆ, "ಅವಳು ಊಟಕ್ಕೆ ಕೂತಾಗ ಮಾತಾಡ್ತಾಳೆ ಕಣೇ. ನೀನು ಇಪ್ಪತ್ತು ವರ್ಷ ಪೇಪರ್ ಓದ್ದೆ."

ಅದು ಸುಳ್ಳಾಗಿರಲಿಲ್ಲ.

"ಶುಕ್ರವಾರ ಊಟಕ್ಕಾದ್ರೂ ಬರ್ಲಾ?" ಎಂದು ಕೇಳಿದಳು.

"ಬಾ, ಅದಕ್ಕೇನಂತೆ," ಎಂದಳು ಅಕ್ಕ. "ವಾಪಸ್ ಹೋಗೋಕೆ ಕೊನೇ ದೋಣಿ ಎಂಟೂವರೆಗಿದೆ."