ಏಳು ಸಾಲಿನ ಅಜ್ಜಿ

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಎಂಟನೇ ನೀರುದೋಸೆ ಕಾವಲಿಯಿಂದ ತೆಗೆಯುವಷ್ಟರಲ್ಲಿ ನನ್ನ ಮಗಳು ಮೂರು ಸಲ ಸತ್ತಿದ್ದಳು.

ಗಾಬರಿ ಬೇಡ. ಸತ್ತದ್ದು ಪುಸ್ತಕದೊಳಗೆ. ಒಂದು ಕಣ್ಣು ಕಾವಲಿಯ ಮೇಲೆ, ಒಂದು ಕಿವಿ ಮೀನಿನವನ ಹಾರ್ನಿನ ಕಡೆ ಇಟ್ಟುಕೊಂಡೇ ಕೇಳಿದೆ, “ಈಗ ಹೇಗೆ ಸತ್ತದ್ದು?”

“ಚಳಿಗೆ, ಉಮ್ಮಾ. ಅಜ್ಜಿಯ ಮನೆಯಲ್ಲಿ ಗಂಜಿ ಕುಡಿದು ಹೊರಟೆ. ಕೋಟೆಯ ಬಾಗಿಲು ಹಾಕಿ ಆಗಿತ್ತು.”

ಪುಸ್ತಕ ನನ್ನ ಅಕ್ಕನ ಮಗಳು ರೀಮಾಳದ್ದು. ದುಬೈಯಲ್ಲಿ ಓದುವ ರೀಮಾ ರಜೆಗೆಂದು ಬಂಟ್ವಾಳದ ನಮ್ಮ ಮನೆಗೆ ಬಂದಿದ್ದಳು. ಈ ಇಂಗ್ಲಿಷ್ ಪುಸ್ತಕವನ್ನು ಒಂದನೇ ಪುಟದಿಂದ ಕೊನೆಯವರೆಗೆ ಓದುವ ಹಾಗಿಲ್ಲ. ಕಥೆಯನ್ನು ತುಂಡು ಮಾಡಿ, ತುಂಡಿಗೊಂದು ನಂಬರು ಹಾಕಿ, ಅಲ್ಲಲ್ಲಿ ಚೆಲ್ಲಿದ್ದಾರೆ. ಓದುವವರೇ ಹೀರೋ. ಎಡದ ದಾರಿ ಬೇಕೇ? ಮೂವತ್ತೊಂದಕ್ಕೆ ಹೋಗಿ. ಡ್ರ್ಯಾಗನ್ ಜೊತೆ ಜಗಳ ಬೇಕೇ? ತೊಂಬತ್ತಕ್ಕೆ. (ನಮ್ಮ ಕಾಲದಲ್ಲಿ ಕಥೆ ಓದುವವರಿಗೆ ಇಷ್ಟು ಜವಾಬ್ದಾರಿ ಇರಲಿಲ್ಲ.) ಕತ್ತಲಾಗುವುದರೊಳಗೆ ಬೆಟ್ಟದ ಮೇಲಿನ ಕೋಟೆ ಸೇರಿ ಬೆಳ್ಳಿಯ ಕಹಳೆ ಎತ್ತಿಕೊಂಡರೆ ಗೆಲುವು.

ಸಂಜೆ ನಾಲ್ಕಕ್ಕೆ ರೀಮಾಳನ್ನು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುವ ಕಾರು ಬರುವುದಿತ್ತು. ಪುಸ್ತಕವೂ ಅವಳ ಜೊತೆ ಹೊರಡುತ್ತದೆ. ಅಷ್ಟರಲ್ಲಿ ನನ್ನ ಸಫಿಯಾ ಗೆಲ್ಲಬೇಕು. ಗೆಲ್ಲಲೇಬೇಕು. ಯಾಕೆಂದರೆ ಹಿಂದಿನ ದಿನ ರೀಮಾ ಎಲ್ಲರೆದುರು ಹೇಳಿದ್ದಳು, “ಇವಳು ಕನ್ನಡ ಮೀಡಿಯಂ ಅಲ್ವಾ, ಪಾಪ. ಈ ಬುಕ್ ಇವಳಿಗೆ ಅರ್ಥ ಆಗುದಿಲ್ಲ.” ಮಗಳು ಅಳಲಿಲ್ಲ. ಒಳಗೆ ಹೋಗಿ ನನ್ನ ಹಳೆಯ ಡಿಕ್ಷನರಿಯ ಧೂಳು ಒರೆಸಿದಳು.

ದೋಸೆ ಮುಗಿಸಿ ನಾನೂ ಪಕ್ಕದಲ್ಲಿ ಕುಳಿತೆ. ಅಜ್ಜಿಗೆ ಇಡೀ ಪುಸ್ತಕದಲ್ಲಿ ಸಿಕ್ಕಿದ್ದು ಏಳೇ ಸಾಲು. ಹೆಸರೂ ಇಲ್ಲ. ಬೆಟ್ಟದ ಬುಡದಲ್ಲಿ ಗುಡಿಸಲು, ಒಲೆಯ ಮೇಲೆ ಗಂಜಿ, ಹಿಡಿ ಮುರಿದಲ್ಲಿ ದಾರ ಸುತ್ತಿದ ಸೌಟು. ಬಂದವರು ಕೂರುವ ಮೊದಲು ಉಟ್ಟ ಬಟ್ಟೆಯ ಅಂಚಿನಿಂದ ಮಣೆ ಒರೆಸುತ್ತಾಳೆ. (ಬರೆದವರು ಯಾರದ್ದೋ ಅಡುಗೆಮನೆಯಲ್ಲಿ ಕುಳಿತು ಎದ್ದವರೇ ಇರಬೇಕು.) ಅವಳು ಮಾಟಗಾತಿಯಲ್ಲ. ಗಂಜಿಯಲ್ಲಿ ವಿಷವೂ ಇಲ್ಲ. ಕುಡಿಯಲು ಹೊತ್ತು ಹಿಡಿಯುತ್ತದೆ, ಅಷ್ಟೇ. ಕುಡಿಯುವುದಾದರೆ ನಲ್ವತ್ತೇಳಕ್ಕೆ ಹೋಗಬೇಕು. ಬೇಡವಾದರೆ ನೂರ ಹನ್ನೆರಡಕ್ಕೆ.

“ಬೇಡ ಅನ್ನು ಮಗಳೇ. ಗೆಲ್ತೀ.”

“ಹೇಳಿದೆ ಉಮ್ಮಾ. ಎರಡನೇ ಸಲ ಬೇಡ ಅಂತಲೇ ಹೇಳಿದ್ದೆ.”

“ಮತ್ತೆ?”

“ಅವಳು ಇನ್ನೊಮ್ಮೆ ಕೇಳ್ತಾಳೆ ಅಂದುಕೊಂಡೆ. ಕೇಳಲೇ ಇಲ್ಲ. ವಾಪಸ್ ಹೋಗಿ ಕುಡಿದೆ.”

ನನಗೆ ನಗು ಬಂತು. ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಕಡೆ ಮೊದಲ ಸಲದ ‘ಬೇಡ’ಕ್ಕೆ ಬೇಡ ಎಂಬ ಅರ್ಥ ಉಂಟೇ? ಅದು ಬರೀ ಮರ್ಯಾದೆ. ‘ಈಗಷ್ಟೇ ತಿಂದು ಬಂದೆ’ ಎಂದು ನೀವು ಅನ್ನಬೇಕು. ‘ಒಂದು ಗುಟುಕಾದರೂ’ ಎಂದು ಅವರು ಅನ್ನಬೇಕು. ಮೂರನೇ ಸಲಕ್ಕೆ ತಟ್ಟೆಗೆ ಕೈ ಚಾಚಬೇಕು. ಮೂಡುಬಿದಿರೆಯ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ‘ನೋ, ಥ್ಯಾಂಕ್ಯೂ’ ಕಲಿಸಿದ್ದರು. ಒಂದೇ ಸಲ, ಮುಗುಳ್ನಗುತ್ತಾ. ಅದನ್ನು ಹಾಗೆಯೇ ಕಕ್ಕಿಂಜೆಯ ಚಿಕ್ಕಮ್ಮನ ಮನೆಯಲ್ಲಿ ಪ್ರಯೋಗಿಸಿದೆ. ಮಾತಿಲ್ಲದೆ ತಟ್ಟೆ ಒಳಗೆ ಒಯ್ದ ಚಿಕ್ಕಮ್ಮ, ನನ್ನ ಮದುವೆಯ ದಿನವೂ ಆ ವಿಷಯ ಎತ್ತಿದರು!

ನೂರ ಹನ್ನೆರಡು ತೆರೆದು ಓದಿದೆ. ಅಜ್ಜಿ ಏನೂ ಹೇಳದೆ ಪಾತ್ರೆಯ ಮುಚ್ಚಳ ಮುಚ್ಚುತ್ತಾಳೆ, ನೀನು ಬೆಟ್ಟ ಹತ್ತುತ್ತೀ. ಅಷ್ಟೇ. ಅಲ್ಲಿಂದ ಕಹಳೆ ಮೂರೇ ನಂಬರು ದೂರ.

“ಹತ್ತು ಮಾರಾಯ್ತಿ, ಕಾರು ಬರ್ತದೆ,” ಅಂದೆ.

“ಅವಳು ಮುಚ್ಚಳ ಮುಚ್ಚಿದಳಲ್ಲ ಉಮ್ಮಾ.”

ಮಗಳು ಪುಟ ಹಿಂದಕ್ಕೆ ತಿರುವಿ ನಲ್ವತ್ತೇಳಕ್ಕೆ ಹೋದಳು. ಗಂಜಿ ಕುಡಿದಳು. ನಾಲ್ಕನೇ ಸಲ ಚಳಿಗೆ ಸತ್ತಳು.

ಸಂಜೆ ನಾಲ್ಕಕ್ಕೆ ಕಾರು ಬಂತು.

“ವಿನ್ ಆದ್ಯಾ?” ರೀಮಾ ಕೇಳಿದಳು.

“ಇಲ್ಲ.”

“ನಾನು ಹೇಳಲಿಲ್ವಾ? ಇಂಗ್ಲಿಷ್!”

ಸಫಿಯಾ ಪುಸ್ತಕದ ಮಡಚಿದ ಮೂಲೆಯೊಂದನ್ನು ನೇರ ಮಾಡಿ ಕೊಟ್ಟಳು. ಮುಖ ಕೆಂಪಾಗಿತ್ತು. ನನಗೆ ತಡೆಯಲಾಗಲಿಲ್ಲ. “ರೀಮಾ, ಆ ಗಂಜಿ ಕೊಡುವ ಅಜ್ಜಿಯನ್ನು ನೀನು ಹೇಗೆ ದಾಟಿದೆ?” ಎಂದು ಕೇಳಿದೆ.

“ಯಾವ ಅಜ್ಜಿ, ಆಂಟಿ?”

ತಮಾಷೆಯಲ್ಲ. ಹುಡುಗಿಗೆ ನಿಜವಾಗಿಯೂ ನೆನಪಿರಲಿಲ್ಲ. ತಪ್ಪು ಅವಳದ್ದೂ ಅಲ್ಲ. ಬೇಗ ಮೇಲೆ ಹೋಗುವವರಿಗೆ ಏಳು ಸಾಲು ಎಷ್ಟೆಂದು ನೆನಪಿರುತ್ತದೆ? ಇವಳಿಗೆ ಪುಸ್ತಕ ಅರ್ಥವಾಗಿದೆ ಎಂದು ಹೇಳಲು ನಾನು ಬಾಯಿ ತೆರೆದೆ. ಮಗಳು ಹಿಂದಿನಿಂದ ನನ್ನ ಕೈ ಚಿವುಟಿದಳು. ಕಾರು ಹೊರಟ ಮೇಲೆ ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಆ ಸಂಜೆ ಪಕ್ಕದ ಮನೆಯ ಸರೋಜಕ್ಕ ಕಂಪೌಂಡಿನ ಆಚೆ ಬಸಳೆ ಕೊಯ್ಯುತ್ತಿದ್ದರು. ಮನಸ್ಸಿನ ಭಾರ ತಡೆಯದೆ ಕಥೆಯನ್ನೆಲ್ಲ ಹೇಳಿದೆ. “ಸರೋಜಕ್ಕ, ಗೆಲುವು ಕೈಗೆ ಬಂದಿದ್ದರೂ ಬಿಟ್ಟಳು, ಒಂದು ‘ಬೇಡ’ ಹೇಳಿ ಎದ್ದು ಬರಲು ಬಾರದ ಮಗು ನಾಳೆ ಹೇಗೆ ಬದುಕೀತು?” ಅಂದೆ.

ಸರೋಜಕ್ಕ ಕತ್ತಿ ನಿಲ್ಲಿಸಲೂ ಇಲ್ಲ. “ಅದೆಲ್ಲ ಇರಲಿ ಮಾರಾಯ್ತಿ,” ಅಂದರು, “ಬಂದವರಿಗೆಲ್ಲ ಬಡಿಸಿದ ಆ ಅಜ್ಜಿ ಉಂಡದ್ದು ಯಾವಾಗ?”