ಮಾಶಾಬಿಯ ಬಾಗಿಲಲ್ಲಿ ನಿಂತ ಬಾಜಾ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಶಿವಯೋಗೀಶನನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಹದಿನಾಲ್ಕು ವರ್ಷ ಅವನು ಬರೀ ಗಿರಣಿಯವ. ಬೆಳಿಗ್ಗೆ ಕರಿ ಹುಬ್ಬಿನಲ್ಲಿ ಹೋಗಿ ಸಂಜೆ ಬಿಳಿ ಹುಬ್ಬಿನಲ್ಲಿ ಮನೆಗೆ ಬರುತ್ತಿದ್ದ. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದನ್ನು ಬೀಸಲು ಬಂದ ಡಬ್ಬಿಯ ಮುಚ್ಚಳ ತೆಗೆದೇ ಹೇಳಿಬಿಡುತ್ತಿದ್ದ, ಪುಣ್ಯಾತ್ಮ. ಅದಕ್ಕೂ ಮೊದಲು ಅವನು ಗೌಸಮೊದ್ದೀನ ಮಾಸ್ತರರ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದದ್ದು ಹಳಬರಿಗಷ್ಟೇ ನೆನಪಿತ್ತು.

ಮಂದಿ ಪಾಕೀಟು ಹಿಟ್ಟಿಗೆ ಬಿದ್ದರು. ಮನೆಯಲ್ಲೇ ಬೀಸಿಕೊಳ್ಳುವ ಸಣ್ಣ ಯಂತ್ರವೂ ಬಂತು. ದಿನಕ್ಕೆ ನಾಲ್ಕು ಡಬ್ಬಿ ಬಂದರೆ ಅದೇ ಹಬ್ಬ ಎನ್ನುವ ಹಾಗಾದಾಗ ಶಿವಯೋಗೀಶ ಮೋಟರನ್ನು ಕೆಲಗೇರಿಯವರೊಬ್ಬರಿಗೆ ಮಾರಿ, ಅಟ್ಟದ ಮೇಲಿನ ಕ್ಲಾರಿನೆಟ್ ಇಳಿಸಿದ. ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಬಾಜಾ! ನೆಂಟರು ಮುಸಿಮುಸಿ ನಕ್ಕರು. ಹೆಂಡತಿ ವಾಣಿಶ್ರೀ ನಗಲಿಲ್ಲ. ಗಿರಣಿಯ ಆ ಗದ್ದಲದಲ್ಲೂ ಅವನ ತುಟಿ ಹಾಡು ಗುನುಗುತ್ತಿದ್ದದ್ದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಮಾಡಿದರೆ ಪೂರ್ತಿ ಅದನ್ನೇ ಮಾಡು, ಇನ್ನೊಂದು ಅಂಗಡಿಯ ಮಾತು ಎತ್ತಬೇಡ ಎಂದಳು.

ಆದರೆ ಉಸಿರು ಬೇಕಲ್ಲ? ಹದಿನಾಲ್ಕು ವರ್ಷ ಹಿಟ್ಟು ಕುಡಿದ ಎದೆ ಅದು. ಖಾಲಿ ಗಿರಣಿಯ ಷಟರ್ ಎಳೆದುಕೊಂಡು ದಿನವೂ ಒಂದು ಹಳೆಯ ಮದುವೆ ಹಾಡು ಹಿಡಿಯುತ್ತಿದ್ದ. ಮೇಲಿನ ಉದ್ದ ಸ್ವರಕ್ಕೆ ಬರುತ್ತಲೇ ದಮ್ಮು ಕಟ್ಟಿ, ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಒಂದೂವರೆ ತಿಂಗಳು ಇದೇ ಕಥೆ. ಗೋಡೆಯಾಚೆ ಮಾಶಾಬಿ ಎಂಬ ಮುದುಕಿಯ ಮನೆ. ಆಕೆ ದವಾಖಾನೆಗೆ ಹೋಗಿಬಂದು ಮಲಗಿದ್ದಾಳೆಂದು ತಿಳಿದ ದಿನದಿಂದ ಅವನು ಗಿರಣಿಯಲ್ಲಿ ಊದುವುದನ್ನು ಬಿಟ್ಟು, ಊರಾಚೆ ಹೊಲದ ಬದುವಿಗೆ ಹೋಗತೊಡಗಿದ. ಅಲ್ಲಿ ಹೇಗೋ ಆ ಸ್ವರ ಐದು ಸಲಕ್ಕೆ ಮೂರು ಸಲ ದಾಟುತ್ತಿತ್ತು.

ಮಾಸ್ತರರು ಖಡಕ್ ಮನುಷ್ಯ. ಬ್ಯಾಂಡಿಗೆ ಮತ್ತೆ ಸೇರಿಸಿಕೊಳ್ಳುವ ಮೊದಲು ಪರೀಕ್ಷೆಗೆಂದು ಒಂದೇ ಒಂದು ಮೆರವಣಿಗೆ ಕೊಟ್ಟರು, ಹಣಮಪ್ಪನ ಗುಡಿಯಿಂದ ಮಂಟಪದವರೆಗೆ.

“ನಡುವ ಎಲ್ಲೂ ಬಾಜಾ ತುಂಡಾಗಬಾರದು ನೋಡು. ತುಂಡಾತಂದ್ರ ಈ ಸೀಜನ್ನಿಗೆ ನಾ ಬ್ಯಾರೆಯವನ್ನ ಹುಡುಕತೇನಿ.”

ಮದುವೆಯ ದಿನ ವರ ಗುಡಿಯಲ್ಲಿ ಅಡ್ಡಬಿದ್ದು ಹೊರಬಂದ, ಬಾಜಾ ಶುರುವಾಯಿತು. ಹಳೆಯ ಕೆಂಪು ಕೋಟಿನ ಗುಂಡಿ ಶಿವಯೋಗೀಶನ ಹೊಟ್ಟೆಯ ಮೇಲೆ ಕೂಡಲೊಲ್ಲದು, ಆದರೂ ಎರಡು ಓಣಿ ಚೆಂದಾಗಿಯೇ ದಾಟಿದವು. ಮುಂದೆ ದೊಡ್ಡ ರಸ್ತೆಯನ್ನು ಯಾತಕ್ಕೋ ಅಗೆದಿಟ್ಟಿದ್ದರು. ಈ ಊರಲ್ಲಿ ಅಗೆಯದ ರಸ್ತೆ ಯಾವುದಿದೆ ಹೇಳಿ! ಮೆರವಣಿಗೆ ಗಿರಣಿಯ ಓಣಿಗೇ ತಿರುಗಿತು.

ಮಾಶಾಬಿಯ ಬಾಗಿಲ ಪರದೆ ಅರ್ಧ ಸರಿದಿತ್ತು. ಒಳಗಿನ ಮಂಚದ ಕಾಲು ಕಂಡಿತು. ಸಾವಾದ ಮನೆ, ಹಾಸಿಗೆ ಹಿಡಿದವರ ಮನೆ ಬಂದರೆ ಬಾಜಾ ನಿಲ್ಲಿಸಿ ಹತ್ತು ಹೆಜ್ಜೆ ಸುಮ್ಮನೆ ನಡೆಯುವುದು ಬ್ಯಾಂಡಿನವರ ಹಳೆಯ ಪದ್ಧತಿ. ಆದರೆ ಮಾಶಾಬಿಯ ಜಡ್ಡು ಗೊತ್ತಿದ್ದದ್ದು ಅಲ್ಲಿ ಇವನೊಬ್ಬನಿಗೇ. ಹಾಡು ಬೇರೆ ಸರಿಯಾಗಿ ಆ ಉದ್ದ ಸ್ವರದ ಹತ್ತಿರ ಬಂದಿತ್ತು. ಇಲ್ಲಿ ನಿಲ್ಲಿಸಿದರೆ ದಮ್ಮು ಸಾಲಲಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೂ ಕ್ಲಾರಿನೆಟ್ ಇಳಿಸಿ ಕೈ ಎತ್ತಿದ. ಡೋಲು, ತುತ್ತೂರಿ ಎಲ್ಲ ನಿಂತವು.

ವರನ ಕಡೆಯವನೊಬ್ಬ ಮುದುಕಪ್ಪನ ಗಾಳಿ ಹೋಯಿತೆಂದು ನಕ್ಕ. ಹಿಂದಿನಿಂದ ಮಾಸ್ತರರು ಕೆಕ್ಕರಿಸಿ ನೋಡಿದರು. ಮದುವೆ ಮೆರವಣಿಗೆಯಲ್ಲಿ ಜಡ್ಡಿನ ಮಾತು ಆಡಬಾರದಲ್ಲ, ಶಿವಯೋಗೀಶ ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ನಡೆದ.

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಪರದೆ ಸರಿಯಿತು. ಚೌಕಟ್ಟು ಹಿಡಿದು ಮಾಶಾಬಿಯೇ ನಿಂತಿದ್ದಳು.

“ಯಾಕ ನಿಲ್ಲಿಸಿದಿ?”

“ನಿಮಗ ಆರಾಮಿಲ್ಲಲ್ರೀ ಅವ್ವಾ, ಅದಕ್ಕ,” ಎಂದ ಮೆಲ್ಲಗೆ.

“ಗಿರಣಿ ಬಂದ್ ಮಾಡಿದಿ, ಹೋಗ್ಲಿ ಅಂದೆ. ಆಮ್ಯಾಲ ದಿನಾ ಅರ್ಧಾ ಹಾಡು ಊದಿ ಗಪ್ಪಾಗ್ತಿದ್ದಿ. ಉಳಿದದ್ದು ನಾಳಿಗೆ ಬರ್ತೈತಿ ಅಂತ ನಾ ಗ್ವಾಡಿಗೆ ಕಿವಿ ಹಚ್ಚಿ ಮಲಗಿದ್ರ, ಅರ್ಧಾನೂ ಬಿಟ್ಟಿ. ಇವತ್ತ ಬಾಗಲಕ್ಕ ಬಂದೂ ಹಂಗ ಹೊಂಟಿಯಲ್ಲೋ. ಪೂರಾ ಊದಿ ಹೋಗು.”

ಶಿವಯೋಗೀಶ ತಿರುಗಿ, ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡಿದ್ದ ಮಾಸ್ತರರ ಮುಖ ನೋಡಿದ. ಅವರು ಡೋಲಿನವನಿಗೆ ಕಣ್ಸನ್ನೆ ಮಾಡಿದರು. ಹಾಡು ಮೊದಲಿನಿಂದ ಎದ್ದಿತು. ಉದ್ದ ಸ್ವರ ಬಂತು, ಅವನು ಹಿಡಿದ, ಹಿಡಿದೇ ಹಿಡಿದ. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಸ್ವರ ದಾಟಿ ಹಾಡು ಕೊನೆಗೆ ಬಂದಾಗ ಗಾಳಿಯ ಮಾತಾಡಿದವನೇ ಮೊದಲು ಕುಣಿಯುತ್ತಿದ್ದ. ಮಾಶಾಬಿ ಸಾಕು ಹೋಗು ಎಂಬಂತೆ ಕೈ ಬೀಸಿದಳು. ಅಲ್ಲಿಂದ ಮಂಟಪದವರೆಗೆ ಬಾಜಾ ಎಲ್ಲೂ ತುಂಡಾಗಲಿಲ್ಲ.

ಮಂಟಪದ ಹಿಂದೆ ಅವನು ಕ್ಲಾರಿನೆಟ್ ಒರೆಸುತ್ತಿದ್ದಾಗ ಮಾಸ್ತರರು ಬಂದರು. ತಪ್ಪಾಯಿತು ಎನ್ನಲು ಇವನು ಬಾಯಿ ತೆರೆದ. ಅವರು ಕೈ ಅಡ್ಡ ಹಿಡಿದರು.

“ನಾಳೆ ಹೆಬ್ಬಳ್ಳಿ ಮದುವಿಗೆ ಏಳಕ್ಕ ಗಾಡಿ ಬಿಡತೈತಿ. ಇನ್ನ ಮುಂದ ನೀನ ಮುಂದ ನಿಲ್ಲು. ಎಲ್ಲಿ ಊದಬೇಕು, ಎಲ್ಲಿ ನಿಲ್ಲಿಸಬೇಕು, ಅದನ್ನ ನೀನ ನೋಡ್ಕೊ.”

ಆಗ ಮಾತ್ರ ಶಿವಯೋಗೀಶನ ದಮ್ಮು ನಿಜವಾಗಿಯೂ ಕಟ್ಟಿತು. ತಲೆಯಾಡಿಸಿ, ಒರೆಸಿದ ಕ್ಲಾರಿನೆಟ್ಟನ್ನೇ ಮತ್ತೊಮ್ಮೆ ಒರೆಸತೊಡಗಿದ.